ಐದು ನಿಮಿಷದ ಮೌನ ಕಾಯುವ ಸೈಕಲ್ ಅಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಐವತ್ತಾರರ ಹೆಂಗಸೊಬ್ಬರು ನಿಂತಲ್ಲೇ ನಿಂತ ಸೈಕಲ್ಲಿನ ಪೆಡಲ್ ತುಳಿಯುತ್ತಿದ್ದಾರೆ. ವ್ಯಾಯಾಮಕ್ಕಲ್ಲ, ಯಂತ್ರ ಸರಿಯಿದೆಯೇ ಎಂದು ನೋಡಲು. ಹತ್ತು ನಿಮಿಷ ತುಳಿದು ಇಳಿದು, ಹ್ಯಾಂಡಲ್ ಒರೆಸಿ, ಮಂಡಿ ನೀವಿಕೊಳ್ಳುತ್ತಾರೆ. ಕೆಲಸ ಇನ್ನೂ ಶುರುವಾಗಿಲ್ಲ, ಮೈ ಆಗಲೇ ಸೋತಿದೆ.

ಇಲ್ಲಿಗೆ ಬರುವ ಅಜ್ಜಿಯರ ಬಾಯಲ್ಲಿ ಇವರು ಸೈಕಲ್ ಅಕ್ಕ. ಕಾಗದದಲ್ಲಿ ಬರೀ ಸಹಾಯಕಿ. ಅರವತ್ತು ದಾಟಿದ ಹೆಂಗಸರ ಹೃದಯ ವ್ಯಾಯಾಮಕ್ಕೆ ಹೇಗೆ ಸ್ಪಂದಿಸುತ್ತದೆ, ಹೆತ್ತವರಿಂದ ಬಂದ ವಂಶವಾಹಿಗೂ ಅದಕ್ಕೂ ನಂಟೇನು ಎಂದು ವೈದ್ಯರು ಇಲ್ಲಿ ಅಧ್ಯಯನ ನಡೆಸುತ್ತಿದ್ದಾರೆ. ಮೊದಲ ದಿನ ರಕ್ತ ಕೊಡಬೇಕು. ಆಮೇಲೆ ಆರು ತಿಂಗಳು, ವಾರಕ್ಕೆ ಮೂರು ದಿನ ಸೈಕಲ್ ತುಳಿಯಬೇಕು. ದಿನಕ್ಕೆ ಹದಿನಾಲ್ಕು ಮಂದಿ, ಒಬ್ಬೊಬ್ಬರಿಗೆ ಮೂರು ಸಲ ಬಿಪಿ. ಲೆಕ್ಕ ಹಾಕಿದರೆ ನಲವತ್ತೆರಡು ಸಲ ತೋಳಿಗೆ ಪಟ್ಟಿ ಸುತ್ತಿ ಬಿಚ್ಚುವ ಕೆಲಸ.

ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದ ಇವರಿಗೆ ಈಗ ಒಂಬತ್ತನೇ ವರ್ಷ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಐದರೊಳಗೆ ಅವರ ಮೈ ಒರೆಸಿ, ಮಗ್ಗುಲು ಬದಲಿಸಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಬಸ್ಸು ಹಿಡಿಯುತ್ತಾರೆ. "ಅಲ್ಲೂ ಎತ್ತಿ ಕೂರಿಸೋದು, ಇಲ್ಲೂ ಎತ್ತಿ ಕೂರಿಸೋದು. ನನ್ನ ಸೊಂಟಕ್ಕೆ ಮನೆ ಯಾವುದು, ಆಸ್ಪತ್ರೆ ಯಾವುದು ಅಂತ ಗೊತ್ತಾಗಲ್ಲ" ಎಂದು ನಗುತ್ತಾರೆ.

ಈ ಕೋಣೆಗೊಂದು ಕಟ್ಟುನಿಟ್ಟಿನ ನಿಯಮವಿದೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಮಾತಾಡಿದರೆ ಅಂಕಿ ಏರುತ್ತದೆ. ಹೋದ ವಾರ ಅದೇ ತಪ್ಪಿತು. ಬಟ್ಟೆ ಹೊಲಿಯುವ ಅರವತ್ತೇಳರ ಟೈಲರಮ್ಮನಿಗೆ ಅದು ಕೊನೆಯ ಅಳತೆ. ಕೂತವರೇ, ಎದೆನೋವಿನಿಂದ ತೀರಿಹೋದ ತಮ್ಮ ಸ್ವಂತ ಅಕ್ಕನ ಮಾತು ತೆಗೆದು ಅತ್ತರು. ಬಾಯಿ ಮುಚ್ಚಿ ಎನ್ನಲು ಸೈಕಲ್ ಅಕ್ಕನಿಗೆ ನಾಲಿಗೆ ಏಳಲಿಲ್ಲ. ಹಾಗೇ ಅಳೆದು ನೂರ ಅರವತ್ತೆರಡು ಎಂದು ಬರೆದರು. ಯಾರೂ ನೋಡಿರಲಿಲ್ಲ. ಸಂಜೆ ತಾವೇ ಹೋಗಿ ಡಾಕ್ಟರಿಗೆ ಹೇಳಿದರು. ಅವರು ಆ ಅಂಕಿಯನ್ನು ಹೊಡೆದುಹಾಕಿದರು. ಮತ್ತೆ ಅಳೆಯಲು ಇವತ್ತೇ ಕಡೇ ದಿನ. ಟೈಲರಮ್ಮ ಮತ್ತೆ ಬರದಿದ್ದರೆ ಅವರ ಆರು ತಿಂಗಳ ಬೆವರು ಲೆಕ್ಕಕ್ಕಿಲ್ಲ. ಫೋನ್ ಮಾಡಿ ಕರೆದಾಗ ಅವರು ಬರುತ್ತೇನೆ ಎಂದಿರಲಿಲ್ಲ.

ಹನ್ನೊಂದಾಗುತ್ತದೆ. ಹದಿಮೂರು ಮಂದಿ ಬಂದು ಹೋಗಿದ್ದಾರೆ. ಸೈಕಲ್ ಅಕ್ಕ ಬಾಗಿಲ ಕಡೆ ನೋಡುವುದನ್ನೂ ಬಿಟ್ಟಿದ್ದಾರೆ. ಆಗ ಏದುಸಿರು ಬಿಡುತ್ತ ಟೈಲರಮ್ಮ ಬರುತ್ತಾರೆ.

"ನಿನ್ನಿಂದ ಎರಡು ಬಸ್ಸು ಹತ್ತಿದೆ ಕಣೇ. ನಮ್ಮ ಸೊಸೆ ಆಡ್ಕೋತಾಳೆ, ನಿಜವಾದ ಸೈಕಲ್ ಆಗಿದ್ರೆ ಇಷ್ಟೊತ್ತಿಗೆ ದೇಶ ಸುತ್ತಿ ಬರ್ತಿದ್ರಿ ಅಂತ."

"ತಪ್ಪು ನಂದೇ ಅಮ್ಮ. ಬೈಯೋದನ್ನ ಆಮೇಲೆ ಬೈಯಿರಿ. ಈಗ ಐದು ನಿಮಿಷ ಸುಮ್ನಿರಿ."

ಗೋಡೆ ಗಡಿಯಾರದ ಸದ್ದೊಂದೇ. ಟೈಲರಮ್ಮನ ಕಣ್ಣು ತುಂಬುತ್ತದೆ, ಬಾಯಿ ತೆರೆಯುವುದಿಲ್ಲ. ಸೈಕಲ್ ಅಕ್ಕ ಆಚೆ ಮುಖ ತಿರುಗಿಸುತ್ತಾರೆ. ಕೊನೆಗೆ ಅಂಕಿ ಬರುತ್ತದೆ: ನೂರ ನಲವತ್ತೆಂಟು. ಆರು ತಿಂಗಳ ಹಿಂದೆಯೂ ಅಷ್ಟೇ ಇತ್ತು.

"ಇಷ್ಟೇನಾ? ಹಾಗಾದ್ರೆ ನಾನು ಸರಿಯಾಗಿ ತುಳೀಲಿಲ್ವಾ?"

"ನಾನೇ ಪಕ್ಕದಲ್ಲಿ ನಿಂತು ನೋಡಿದೀನಲ್ಲಮ್ಮ, ಚೆನ್ನಾಗೇ ತುಳಿದ್ರಿ. ಅದೇ ಸೈಕಲ್ಲು, ಅಷ್ಟೇ ಹೊತ್ತು. ಒಬ್ಬರಿಗೆ ಇಳಿಯುತ್ತೆ, ಒಬ್ಬರಿಗೆ ಇಳಿಯಲ್ಲ. ಯಾಕೆ ಅಂತ ತಿಳಿಯೋಕೇ ನಿಮ್ಮ ರಕ್ತ ತಗೊಂಡಿರೋದು. ನಿಮ್ಮಂಥೋರ ಅಂಕಿ ಬಿಟ್ಟುಹೋದ್ರೆ ಡಾಕ್ಟರಿಗೆ ಅರ್ಧ ಉತ್ತರವೇ ಸಿಗೋದು. ಬಿಪಿ ಮಾತ್ರೆ ಮಾತ್ರ ಬಿಡಬೇಡಿ."

ಟೈಲರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ನನ್ನ ಮಗಳಿಗಾದರೂ ಉಪಯೋಗಕ್ಕೆ ಬರಲಿ ಬಿಡು" ಎಂದು ಎದ್ದು ಹೋಗುತ್ತಾರೆ. ಬೈಯುವುದು ಮರೆತೇ ಹೋಗಿದೆ.

ಪಟ್ಟಿ ಸುತ್ತಿಡುತ್ತಿರುವ ಸೈಕಲ್ ಅಕ್ಕನನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಹೇಳುತ್ತಾರೆ:

"ಇನ್ನು ನಾಲ್ಕು ವರ್ಷಕ್ಕೆ ನನಗೂ ಅರವತ್ತು. ಆಗ ನನ್ನನ್ನೂ ಸೇರಿಸ್ಕೊಳ್ಳಲಿ. ತುಳಿಯೋ ಆಸೆಗಲ್ಲ. ಮೊದಲು ಐದು ನಿಮಿಷ ಸುಮ್ಮನೆ ಕೂರಿ ಅಂತ ನನಗೂ ಯಾರಾದ್ರೂ ಹೇಳ್ತಾರಲ್ಲ, ಅದಕ್ಕೆ."