ಎಣ್ಣೆ ಡಬ್ಬಿಯ ಮೇಲಿನ ಕಾಯಿ

ಎಣ್ಣೆ ಆರಿ ಹೋಗುವ ವಸ್ತುವಲ್ಲ. ಇಪ್ಪತ್ತು ವರ್ಷ ಬಾಣಲೆಯ ಮುಂದೆ ನಿಂತವಳು ನಾನು, ಇಷ್ಟಾದರೂ ನನಗೆ ಗೊತ್ತು. ಹಾಗಾಗಿ ಹಿಂದಿನ ಹಜಾರದಲ್ಲಿಟ್ಟ ಕರಿದ ಎಣ್ಣೆಯ ಡಬ್ಬಿ ಒಂದೇ ದಿನದಲ್ಲಿ ನಾಲ್ಕು ಬೆರಳು ಇಳಿದಿದ್ದನ್ನು ಕಂಡಾಗ, ಇದು ಕಳ್ಳರ ಕೆಲಸವೆಂದು ಅಲ್ಲೇ ತೀರ್ಮಾನಿಸಿದೆ.

ಶಿರಸಿ ಪೇಟೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ. ಗಲ್ಲಾದಲ್ಲಿ ಕೂರುವುದು ಯಜಮಾನರು; ಮನೆವಾರ್ತೆ ಮುಗಿಸಿ ಬಜೆ, ಬನ್ಸು, ಹಲಸಿನ ಹಪ್ಪಳ ಕರಿದು ಕೊಡುವುದು ನಾನು. ಒಂದೆರಡು ಸಲ ಕರಿದ ಎಣ್ಣೆಯನ್ನು ಮತ್ತೆ ಒಲೆಗೆ ಏರಿಸುವುದಿಲ್ಲ. ಅದನ್ನು ಸೋಸಿ ಡಬ್ಬಿಗೆ ಹಾಕುತ್ತೇವೆ. ಹದಿನೈದು ದಿನಕ್ಕೊಮ್ಮೆ ಗುರುವಾರ ಹುಬ್ಬಳ್ಳಿಯ ಕಂಪನಿಯವನೊಬ್ಬ ಬಂದು ತೂಗಿ, ಚೀಟಿ ಕೊಟ್ಟು ಒಯ್ಯುತ್ತಾನೆ. ಗಾಡಿ ಓಡಿಸುವ ಇಂಧನಕ್ಕಂತೆ. ಕದ್ದು ಒಯ್ಯುವವರು ಮಾತ್ರ ಅದಕ್ಕೆ ಎಂಥದೋ ಪುಡಿ ಹಾಕಿ, ಬಣ್ಣ ತೆಗೆದು, ಮತ್ತೆ ತಿನ್ನುವ ಎಣ್ಣೆಯೆಂದೇ ಮಾರುತ್ತಾರೆ ಎಂದು ಅವನೇ ಒಮ್ಮೆ ಹೇಳಿದ್ದ. ನಮ್ಮ ಬಾಣಲೆಯ ಕಸ ಯಾರದೋ ಮಕ್ಕಳ ಹೊಟ್ಟೆಗೆ ಹೋಗುತ್ತದಲ್ಲ, ನನಗೆ ತಡೆಯಲಾಗದಿದ್ದುದು ಅದು.

ಯಜಮಾನರಿಗೆ ಹೇಳಿದೆ.

"ನಿಂಗೆ ಎಲ್ಲಾ ಕಡೆ ಕಳ್ಳರೇ ಕಾಣ್ತ, ಮಾರಾಯ್ತಿ. ಸೆಕೆಗೆ ಇಳ್ದಿಕ್ಕು."

"ಎಣ್ಣೆ ಎಂತ ನೀರಾ, ಸೆಕೆಗೆ ಇಳಿಯಲೆ?"

"ಹಂಗಾರೆ ಇಲಿ ಕುಡ್ದಿಕ್ಕು."

"ನಾಲ್ಕು ಬೆರಳು ಕುಡ್ದ ಇಲಿ ಹೊರಗೆ ಹೋಪಲಾಗದೆ ಅಲ್ಲೇ ಬಿದ್ದಿರ್ತಿತ್ತು, ನೋಡಿ ಬನ್ನಿ!"

ಅವರು ಪೇಪರಿನೊಳಗೆ ಹೊಕ್ಕರು. ನಾನು ತೆಂಗಿನ ಗರಿಯ ಕಡ್ಡಿಯೊಂದನ್ನು ಡಬ್ಬಿಗೆ ಅದ್ದಿ, ಎಣ್ಣೆ ಮುಟ್ಟಿದಲ್ಲಿಗೆ ದಾರ ಕಟ್ಟಿ ಇಟ್ಟುಕೊಂಡೆ. ಮೂರನೆಯ ದಿನಕ್ಕೆ ಮತ್ತೆ ಇಳಿದಿತ್ತು.

ಅನುಮಾನ ಹುಟ್ಟಿದ ಮೇಲೆ ಮನುಷ್ಯರ ಮುಖ ಬೇರೆಯಾಗಿ ಕಾಣುತ್ತದೆ. ಬೀದಿ ಕೊನೆಯ ಬಜೆ ಗಾಡಿಗೆ ಹೋಗಿ, ಹಸಿವಿಲ್ಲದಿದ್ದರೂ ಒಂದು ಮೆಣಸಿನಕಾಯಿ ಬಜೆ ತೆಗೆದುಕೊಂಡು ಮೂಸಿದೆ. ನಮ್ಮ ಎಣ್ಣೆಯಾದರೆ ಹಲಸಿನ ಹಪ್ಪಳದ ಘಮ ಇರಲೇಬೇಕು. ಇರಲಿಲ್ಲ. ಗಾಡಿಯವನು, "ಎಂತಾ ಅಕ್ಕಾ, ಹಳಸಿದ್ದು ಅಂದ್ಕಂಡ್ರಾ?" ಎಂದು ನಕ್ಕ. ನಾಚಿಕೆಯಾಗಿ ಇನ್ನೆರಡು ಕಟ್ಟಿಸಿಕೊಂಡು ಬಂದೆ. ಬಜೆ ಚೆನ್ನಾಗಿತ್ತು, ಅದೂ ದೇವರ ದಯೆಯೇ.

ಕೊನೆಗೆ ನನ್ನ ಕಣ್ಣು ನಿಂತದ್ದು ಪಾತ್ರೆ ತೊಳೆಯುವವಳ ಮೇಲೆ. ದಾಸನಕೊಪ್ಪದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು. ಗಂಡನಿಗೆ ಸೊಂಟ ಬಿದ್ದ ಮೇಲೆ ಆ ಮನೆ ನಡೆಯುತ್ತಿದ್ದುದು ಅವಳ ಈ ಕೆಲಸದಿಂದ. ಕಳ್ಳಿ ಎಂಬ ಹೆಸರು ಬಂದರೆ ಪೇಟೆಯ ಯಾವ ಹೋಟೆಲಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಅವಳು ಒಯ್ಯುವ ಚೀಲವನ್ನು ಓರೆಗಣ್ಣಿನಲ್ಲಿ ಅಳೆಯತೊಡಗಿದೆ. ಅದರಲ್ಲಿರುತ್ತಿದ್ದುದು ಆಕಳಿಗೆಂದು ನಾನೇ ಕೊಟ್ಟ ಮುಸುರೆ. ಆದರೂ, ಮುಸುರೆಯ ಅಡಿಯಲ್ಲಿ ಏನಿದೆಯೋ ಯಾರು ಕಂಡರು? ತಣಿದ ಎಣ್ಣೆ ಸೋಸಿ ಡಬ್ಬಿಗೆ ಸುರಿಯುವವಳೂ ಅವಳೇ ತಾನೆ?

ನಮ್ಮ ಕಡೆ ವಸ್ತು ಕಳೆದರೆ ಕಾಯಿ ತೆಗೆದಿಡುವ ಪದ್ಧತಿಯಿದೆ. ತೆಂಗಿನಕಾಯಿ ತೊಳೆದು, ಕುಂಕುಮ ಹಚ್ಚಿ, ಊರ ದೇವತೆ ಚೌಡಿಯನ್ನು ನೆನೆದು ಒಂದು ಕಡೆ ಇಡುವುದು. ವಸ್ತು ಸಿಕ್ಕಮೇಲೆ ಒಡೆಸುವುದು. ಅಲ್ಲಿಯವರೆಗೆ ಆ ಕಾಯಿಯನ್ನು ಯಾರೂ ಅಲುಗಿಸಬಾರದು. ಎಲ್ಲರೂ ದೇವರ ಕೋಣೆಯಲ್ಲಿ ಇಡುತ್ತಾರೆ. ನಾನು ಬುದ್ಧಿವಂತಿಕೆ ಮಾಡಿ, ಕಡ್ಡಿಯ ದಾರವನ್ನು ಅಂದಿನ ಮಟ್ಟಕ್ಕೆ ಸರಿಸಿ ಕಟ್ಟಿ, ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆಯೇ ಕಾಯಿ ಇಟ್ಟೆ. ದೇವರಿಗೆ ಹೇಳಿದಂತೆಯೂ ಆಯಿತು, ಕಾವಲಿಗೂ ಆಯಿತು.

ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಇದ್ಯಾಕ್ರೀ ಅಕ್ಕಾರ, ಇಲ್ಲಿ ಕಾಯಿ?"

"ಎಣ್ಣೆ ಕದ್ದವರು ಸಿಗಲಿ ಅಂತ. ಮುಟ್ಟಿದವರನ್ನು ಚೌಡಿ ನೋಡಿಕೊಳ್ತಾಳೆ."

ಅವಳ ಮುಖ ಬಾಡಿತು. ಹೋಗಿ ಪಾತ್ರೆ ತೊಳೆಯಲು ಕೂತಳು. ಸಿಕ್ಕಿಬಿದ್ದಳು ಎಂದುಕೊಂಡೆ.

ಕಾಯಿ ಎಂಟು ದಿನ ಅಲುಗಲಿಲ್ಲ. ಬುಧವಾರ ನಾನೇ ಕೈಮುಗಿದು ಅದನ್ನೆತ್ತಿ ಕಡ್ಡಿ ಅದ್ದಿದೆ. ಎಣ್ಣೆ ದಾರದ ಮಟ್ಟದಲ್ಲೇ ಇತ್ತು. ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಹೊಳೆಯಿತು: ಎಂಟು ದಿನವೂ ಕರಿದಿದ್ದೇನಲ್ಲ? ಮಟ್ಟ ಏರಬೇಕಿತ್ತಲ್ಲ? ಅಂದರೆ ಕಾಯಿಗೆ ಹೆದರಿ ಡಬ್ಬಿಗೆ ಕೈ ಹಾಕುತ್ತಿಲ್ಲ, ಬಾಣಲೆಯಿಂದಲೇ ಸಾಗಿಸುತ್ತಿದ್ದಾಳೆ! ಅವಳ ಜಾಣತನಕ್ಕೆ ಮೈ ಉರಿಯಿತು.

"ನಾಳೆ ಸಂಜೆ ನಾನೇ ಅವಳಿಗೆ ಬರದು ಬ್ಯಾಡ ಹೇಳ್ತಿ" ಎಂದೆ ಯಜಮಾನರಿಗೆ.

"ಕಣ್ಣಾರೆ ಕಂಡ್ಯಾ?"

"ಕಾಂಬದೆಂತ ಇದ್ದು? ಲೆಕ್ಕವೇ ಹೇಳ್ತು."

"ನೋಡು ಮತ್ತೆ. ಒಂದು ಸಲ ಹೇಳಿದ್ಮೇಲೆ ಆ ಮಾತು ವಾಪಸ್ ಬತ್ತಿಲ್ಲೆ" ಎಂದರು ಅವರು. ರಾತ್ರಿಯ ಪೂಜೆಯಲ್ಲಿ ಮಂತ್ರದ ಬದಲು ನಾಳೆ ಅವಳಿಗೆ ಹೇಳಬೇಕಾದ ಮಾತೇ ನಾಲಿಗೆಗೆ ಬರುತ್ತಿತ್ತು.

ಮರುದಿನ ಗುರುವಾರ. ಹುಬ್ಬಳ್ಳಿಯವನು ಕ್ಯಾನು ಹಿಡಿದು ಬಂದವನೇ ಹೇಳಿದ:

"ಅಕ್ಕಾರ, ನಿಮ್ಮಲ್ಲೂ ಎಣ್ಣಿ ಕಡಿಮಿ ಆಗಿತ್ತೇನ್ರಿ? ಹೋದ ವಾರ ಸಿದ್ದಾಪುರದಾಗ ಒಬ್ಬನ್ನ ಹಿಡದಾರ. ಯಲ್ಲಾಪುರದಾಗೂ ಅವಂದೇ ಕೈವಾಡ ಅಂತ. ಮಧ್ಯಾಹ್ನ ಊಟ ಆಗಿ ಮಂದಿ ಅಡ್ಡಾದಾಗ ಹಿಂದಿನ ಬಾಗಲದಿಂದ ಬರತಿದ್ದ. ಯಾರರ ಕಂಡ್ರ ಕಂಪನಿ ಮನಷಾ ಅಂತಿದ್ದ. ಹಣಿ ಮ್ಯಾಲೆ ಇಷ್ಟುದ್ದ ಗಂಧ."

ಗಂಧ ಎಂದ ಕೂಡಲೆ ನನಗೆ ಹೊಳೆಯಿತು. ತಿಂಗಳ ಹಿಂದೆ ಅಂಥವನೊಬ್ಬ ಬಂದಿದ್ದ. ಹಣೆಗೆ ಗಂಧ, ಕೊರಳಿಗೆ ತುಳಸಿ ಮಣಿ. ನನ್ನ ತವರು ವಜ್ರಳ್ಳಿ ಎಂದು ಮಾತಿನಲ್ಲೇ ತಿಳಿದುಕೊಂಡು ತಾನೂ ಅದೇ ಬದಿಯವನೆಂದ. ಕರಿದ ಎಣ್ಣೆ ಇದೆಯೇ ಎಂದು ಕೇಳಿದ. ಕಂಪನಿಯವರಿಗೆ ಕೊಡುತ್ತೇವೆ ಎಂದೆ. ಎಂದವಳು ಸುಮ್ಮನಿದ್ದೆನೇ? ಡಬ್ಬಿ ಹಜಾರದಲ್ಲಿದೆ, ಹಿಂದಿನ ಬಾಗಿಲು ತೆರೆದೇ ಇರುತ್ತದೆ, ಅವರೇ ಬಂದು ತುಂಬಿಕೊಳ್ಳುತ್ತಾರೆ ಎಂದು ಎಲ್ಲವನ್ನೂ ಒದರಿ, ಮೇಲೆ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಿದ್ದೆ. ಒಳ್ಳೆಯ ಜನ ಮನೆಗೆ ಬಂದರು ಎಂದು ಆ ದಿನ ದೇವರಿಗೆ ಕೈಮುಗಿದದ್ದೂ ನೆನಪಾಯಿತು.

ಅಷ್ಟರಲ್ಲಿ ಹುಬ್ಬಳ್ಳಿಯವನು ಮುಚ್ಚಳ ತೆಗೆಯಲು ಹೋಗಿ ಕಾಯಿ ಕಂಡು ಕೈ ಹಿಂದಕ್ಕೆಳೆದ. ನಾನು ಕಾಯಿ ಎತ್ತಿಕೊಂಡೆ. ಅವನು ಬಗ್ಗಿ ನೋಡಿ, "ಅರ್ಧಾನೂ ಇಲ್ಲಲ್ರಿ" ಎಂದ.

ಪಾತ್ರೆ ತೊಳೆಯುತ್ತಿದ್ದವಳು ಎದ್ದಳು. ಕಟ್ಟಿಗೆ ರಾಶಿಯ ಹಿಂದಿನಿಂದ ಎರಡು ಹಳೆಯ ಪಾತೇಲಿ ಎಳೆದು ತಂದಳು. ಎರಡಕ್ಕೂ ತಟ್ಟೆ ಮುಚ್ಚಿ, ಮೇಲೆ ಕಲ್ಲು ಹೇರಿದ್ದಳು. ಬಾಯಿವರೆಗೆ ಎಣ್ಣೆ. ಹಲಸಿನ ಹಪ್ಪಳದ ಘಮ ಹಜಾರದ ತುಂಬ ಎದ್ದಿತು.

"ಕಾಯಿ ಮುಟ್ಟಾಕ ಅಂಜಿಕಿ ಬಂತ್ರಿ. ಅದನ್ನ ಎತ್ತದೆ ಡಬ್ಬಿಗೆ ಹ್ಯಾಂಗ ಸುರೀಲಿ? ಅದಕ್ಕ ಇದರಾಗ ಹಾಕಿಟ್ಟೆ."

"ನನಗೊಂದು ಮಾತು ಹೇಳಬಾರದಿತ್ತೇ?"

"ಹ್ಯಾಂಗ ಹೇಳಲ್ರಿ? ಆ ಕಾಯಿ ಇಟ್ಟಿದ್ದೇ ನನ್ನ ಮ್ಯಾಲ ಅಲ್ರಿ."

ನಾನು ಕಾಯಿಯನ್ನು ಒಯ್ದು ದೇವರ ಕೋಣೆಯಲ್ಲಿಟ್ಟು ಬಂದೆ. ಹುಬ್ಬಳ್ಳಿಯವನು ತಲೆ ಬಗ್ಗಿಸಿ ತೂಕಕ್ಕೆ ತೊಡಗಿದ. ಕೆಲಸಕ್ಕೆ ಬರುವುದು ಬೇಡವೆಂಬ ಮಾತು ಅಷ್ಟರೊಳಗೆ ನನ್ನ ಬಾಯಿಂದ ಹೊರಬೀಳಲಿಲ್ಲವಲ್ಲ, ಅಷ್ಟು ಕಾಪಾಡಿದಳು ಚೌಡಿ. ತಪ್ಪಾಯಿತು ಎಂದು ಅವಳಿಗೆ ಹೇಳಿದೆ. "ಇರ್ಲಿ ಬಿಡ್ರಿ" ಎಂದಳು, ಪಾತ್ರೆಯಿಂದ ಕಣ್ಣೆತ್ತದೆ.

ಈಗ ಮಧ್ಯಾಹ್ನ ಹಿಂದಿನ ಬಾಗಿಲಿಗೆ ಅಗಳಿ ಹಾಕುತ್ತೇವೆ. ಎಣ್ಣೆ ಒಯ್ಯುವವನು ಪ್ರತಿ ಸಲ ಗುರುತಿನ ಚೀಟಿ ತೋರಿಸಬೇಕು. ಚಿತ್ರವನ್ನೂ ಮುಖವನ್ನೂ ಎರಡೆರಡು ಸಲ ನೋಡುತ್ತೇನೆ, ಹಣೆಯನ್ನಲ್ಲ. ಕಂಪನಿಯವರೇ ಬೀಗದ ಡಬ್ಬಿ ಕೊಟ್ಟಿದ್ದಾರೆ. ಮುಚ್ಚಳದಲ್ಲಿ ಸಣ್ಣ ತೂತು, ಸುರಿಯಬಹುದು, ತೆಗೆಯಲಾಗದು. ಅದರ ಕೀಲಿಕೈಯನ್ನು ನಾನು ಅವಳ ಕೈಗೇ ಕೊಡಲು ಹೋದೆ.

"ಬ್ಯಾಡ್ರಿ ಅಕ್ಕಾರ. ನಾಳೆ ಕಡಿಮಿ ಆದ್ರ ಕೀಲಿ ಯಾರ ಹತ್ರ ಇತ್ತು ಅಂತ ಕೇಳ್ತೀರಿ."

ಕೀಲಿಕೈ ನನ್ನಲ್ಲೇ ಉಳಿಯಿತು. ಸುರಿಯುವುದಕ್ಕೆ ಅದು ಬೇಕಾಗಿಲ್ಲ. ಆದರೂ ದಿನಾ ಸಂಜೆ ಎಣ್ಣೆ ಸೋಸಿಕೊಂಡು ಡಬ್ಬಿಯ ಪಕ್ಕ ನಿಂತು ಅವಳು ಕೂಗುತ್ತಾಳೆ, "ಬರ್ರಿ ಅಕ್ಕಾರ, ಸುರೀತೀನಿ, ನೋಡಬರ್ರಿ." ನೀನೇ ಹಾಕು ಎಂದರೆ ಕೇಳುವುದಿಲ್ಲ. ಬಸ್ಸಿಗೆ ಹೊತ್ತಾದರೂ ಪಾತ್ರೆ ಹಿಡಿದು ನಿಂತೇ ಇರುತ್ತಾಳೆ. ನಾನು ಒಲೆ ಸಣ್ಣ ಮಾಡಿ, ಹೋಗಿ ನಿಲ್ಲುತ್ತೇನೆ. ಆಮೇಲೆಯೇ ಅವಳು ಸುರಿಯುತ್ತಾಳೆ.