ಅಮೃತಶಿಲೆಗೆ ತೆಂಗಿನೆಣ್ಣೆ

ನನ್ನ ಗಂಡ ಶಿಲ್ಪಿ. ಕರಿಕಲ್ಲಿನಲ್ಲಿ ಕೈ ಪಳಗಿದವರು, ಮದುವೆಯಾದ ಮೇಲೆ ರಾಜಸ್ಥಾನಕ್ಕೆ ಹೋಗಿ ಅಮೃತಶಿಲೆ ಕಲಿತು ಬಂದರು. ಕರಿಕಲ್ಲಿಗೆ ಹೊಡೆದ ಹಾಗೆ ಉಳಿಯನ್ನು ನೆಟ್ಟಗೆ ಹಿಡಿದು ಹೊಡೆದರೆ ಅಮೃತಶಿಲೆಯ ಒಳಗೆ ಪೆಟ್ಟಿನ ಗುರುತು ಉಳಿದುಬಿಡುತ್ತದೆ. ಉಳಿ ಓರೆಯಾಗಬೇಕು, ಕೈ ಹಗುರಾಗಬೇಕು. ಮನೆಯಲ್ಲಿ ಒಂದು ಲೋಟ ಸದ್ದಿಲ್ಲದೆ ಇಡಲು ಬಾರದ ಮನುಷ್ಯ ಶೆಡ್ಡಿನೊಳಗೆ ಹೋದರೆ ಬೇರೆಯೇ ಆಗುತ್ತಾರೆ. ಅದನ್ನು ನೋಡುವುದೆಂದರೆ ನನಗೆ ಈಗಲೂ ಹೆಮ್ಮೆ.

ಮೂಡುಬಿದಿರೆ ಕಡೆಯ ಒಂದು ಬಸದಿಯವರು ನಿಂತ ಭಂಗಿಯ ಜಿನಮೂರ್ತಿ ಬೇಕೆಂದು ಬಂದ ಮೇಲೆ, ಪಾಣೆಮಂಗಳೂರಿನ ನಮ್ಮ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬಿಳಿ ಧೂಳು. ಇವರ ಮೊದಲ ದೊಡ್ಡ ಅಮೃತಶಿಲೆಯ ಕೆಲಸ ಅದು. ಕಲ್ಲಿನ ಮೇಲೆ ಎಲ್ಲಾದರೂ ಕಲೆ ಇದ್ದರೆ ಪ್ರತಿಷ್ಠೆಗೆ ಆಗುವುದಿಲ್ಲ ಎಂದು ಬಸದಿಯವರು ಮೊದಲೇ ಹೇಳಿದ್ದರು.

ಪಾಲಿಶ್ ಮುಗಿದ ದಿನ ಇವರು ಲಾರಿ ಗೊತ್ತುಮಾಡಲು ಮೆಲ್ಕಾರಿಗೆ ಹೋಗಿದ್ದರು. ನಾನು ಶೆಡ್ಡಿಗೆ ಬಂದರೆ, ಅತ್ತೆ ತೆಂಗಿನೆಣ್ಣೆಯ ಗಿಂಡಿ ಇಟ್ಟುಕೊಂಡು ಮೂರ್ತಿಯ ಪಾದ ತಿಕ್ಕುತ್ತಿದ್ದಾರೆ! ಕರಿಕಲ್ಲಿನ ಮೂರ್ತಿ ಮುಗಿದಾಗಲೆಲ್ಲ ಎಣ್ಣೆ ಹಚ್ಚಿ ಮಿರುಗಿಸುವುದು ಅವರದೇ ಕೆಲಸವಾಗಿತ್ತು.

"ಜ್ವರ ಬಂದವರ ಹಾಗೆ ಬಿಳುಚಿಕೊಂಡಿತ್ತು ಮಾರಾಯ್ತಿ. ಈಗ ನೋಡು, ಎಷ್ಟು ಚಂದ ಉಂಟು!"

ನನಗೆ ಮೈಯೆಲ್ಲ ಉರಿದುಹೋಯಿತು. ಬಿಳಿ ಕಲ್ಲು ಎಣ್ಣೆ ಕುಡಿಯುತ್ತದೆ, ಇನ್ನು ಈ ಮೂರ್ತಿ ಯಾರಿಗೆ ಬೇಕು ಎಂದು ಕೂಗಾಡಿದೆ. ಎಡಪಾದ ಆಗಲೇ ಮಂಕು ಹಳದಿಗೆ ತಿರುಗಿತ್ತು.

ಇವರು ಬಂದು ನೋಡಿದರು. ಬೈಯಲಿಲ್ಲ. ಸೀಮೆಸುಣ್ಣದ ಪುಡಿಗೆ ಥಿನ್ನರ್ ಕಲಸಿ ಪಾದಕ್ಕೆ ಮೆತ್ತಿ ಪ್ಲಾಸ್ಟಿಕ್ ಸುತ್ತಿದರು. ಪುಡಿ ಎಣ್ಣೆ ಎಳೆದುಕೊಂಡ ಮೇಲೆ ತೆಗೆದು ಮತ್ತೆ ಹೊಸದು ಮೆತ್ತಿದರು. ಲಾರಿ ಸದ್ಯಕ್ಕೆ ಬೇಡವೆಂದು ಹೇಳಿ, ಬಸದಿಯವರಲ್ಲಿ ಇನ್ನಷ್ಟು ಸಮಯ ಕೇಳಿಕೊಂಡರು. ಕೊನೆಗೆ ಉಳಿದ ಮಸುಕನ್ನು ನೀರು ಹಾಕಿ ಮರಳುಕಾಗದದಿಂದ ತಿಕ್ಕಿ ತೆಗೆದರು. ಪಾದಗಳೆರಡೂ ಸಮ ಇರಬೇಕೆಂದು ಏನೂ ಆಗದ ಬಲಪಾದವನ್ನೂ ಅಷ್ಟೇ ತಿಕ್ಕಿದರು. ಆ ತಾಳ್ಮೆ ನನಗಂತೂ ಈ ಜನ್ಮದಲ್ಲಿ ಬರುವುದಿಲ್ಲ.

ಅತ್ತೆ ಮಾತ್ರ ಶೆಡ್ಡಿನ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಊಟಕ್ಕೆ ಕುಳಿತಾಗಲೂ ಮಗನ ಮುಖ ನೋಡುತ್ತಿರಲಿಲ್ಲ. ನೋಡಿ ನನಗೇ ಸಂಕಟವಾಗುತ್ತಿತ್ತು.

ಮೂರ್ತಿ ಹೊರಡುವ ಬೆಳಿಗ್ಗೆ ಇವರು ಅಮ್ಮನನ್ನು ಕರೆತಂದು, ಅವರ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಪಾದದ ಮೇಲಿಟ್ಟರು.

"ಕಣ್ಣಿಗೆ ಕಾಣದ್ದು ಅಂಗೈಗೆ ಗೊತ್ತಾಗ್ತದೆ. ಎಲ್ಲಾದರೂ ಒರಟು ಉಂಟಾ, ಹೇಳಿ."

ಅತ್ತೆ ಮೆಲ್ಲಗೆ ಸವರುತ್ತಾ ಹೋಗಿ ಹಿಮ್ಮಡಿಯ ಹತ್ತಿರ ನಿಲ್ಲಿಸಿದರು. "ಇಲ್ಲಿ ಸ್ವಲ್ಪ."

ನಾನೂ ಮುಟ್ಟಿ ನೋಡಿದೆ. ಕನ್ನಡಿಯಷ್ಟು ನುಣುಪಾಗಿತ್ತು.

"ಹೌದಮ್ಮ, ಉಂಟು" ಎಂದ ಇವರು, ಲಾರಿಯವನಿಗೆ ಕಾಯಲು ಹೇಳಿ, ಕುಕ್ಕರಗಾಲಿನಲ್ಲಿ ಕುಳಿತು ಅಲ್ಲೇ ತಿಕ್ಕತೊಡಗಿದರು.