ಶರಬತ್ತಿನ ಲೋಟಗಳು

ಅನೀಸಾ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ತಾಯಿ ಮೆಹಬೂಬ್ ಬೀ ಗೊಣಗುತ್ತಿದ್ದುದು ಸುಳ್ಳಲ್ಲ. ಅಟ್ಟೂರಿನ ಮನೆಯಲ್ಲಿ ಅವಳು ಕೂತು ಚಹಾ ಕುಡಿದದ್ದನ್ನು ಕಂಡವರಿಲ್ಲ. ಚಿಕ್ಕಜಾಲದ ಆಚೆ, ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳುವಾಗಲೂ ಅಷ್ಟೇ, ಕುರ್ಚಿ ಇರುವುದು ಬ್ಯಾಗ್ ಇಡಲಿಕ್ಕೆ. ಬಾಟಲಿಯೊಳಗೆ ಬಲೂನು ಕಟ್ಟಿ ಶ್ವಾಸಕೋಶ ಉಬ್ಬಿಸುವಳು. ಒಣದ್ರಾಕ್ಷಿ ನೆನೆಹಾಕಿ ಜೀವಕೋಶದೊಳಗೆ ನೀರು ಹೇಗೆ ನುಗ್ಗುತ್ತದೆಂದು ತೋರಿಸುವಳು. ಪಾಠ ಮುಗಿದ ಮೇಲೆ ಮಕ್ಕಳು ಆ ದ್ರಾಕ್ಷಿಯನ್ನೂ ಬಿಡುತ್ತಿರಲಿಲ್ಲ.

ಹೆಡ್ ಮಾಸ್ಟರ್ ಚಿಕ್ಕಮಾರಯ್ಯನವರಿಗೆ ಇದೆಲ್ಲ ಸಂತೆಯ ಗದ್ದಲ.

“ನೋಡಿ ಮೇಡಂ, ಸೋಮವಾರ ಶಿಕ್ಷಣ ಇಲಾಖೆ ಸಾಹೇಬ್ರು ನಿಮ್ಮ ಪಾಠ ನೋಡೋಕೆ ಬರ್ತಾರೆ. ಪ್ರಯೋಗ ಕೈಕೊಟ್ರೆ ಅಲ್ಲಿಗೆ ಮುಗೀತು. ಮಾರನೇ ದಿನದಿಂದ ಗೈಡ್ ಇಟ್ಕೊಂಡು ನೋಟ್ಸ್ ಬರೆಸಿ” ಎಂದುಬಿಟ್ಟರು.

ನೋಟ್ಸ್ ಬರೆಸುವುದೆಂದರೆ ಅವಳ ಕೈಕಾಲು ಕಟ್ಟಿ ಹಾಕಿದಂತೆಯೇ. ರಂಜಾನ್ ತಿಂಗಳು ಬೇರೆ. ಸೋಮವಾರ ಬೆಳಗಿನ ಜಾವ ಸೆಹ್ರಿ ಊಟವನ್ನು ನಿಂತೇ ಮುಗಿಸಿ, ಉಪವಾಸ ಹಿಡಿದು ಶಾಲೆಗೆ ಹೊರಟಳು.

ಅನ್ನ ಬಾಯಲ್ಲೇ ಜೀರ್ಣವಾಗಲು ಶುರುವಾಗುತ್ತದೆ ಎಂಬುದು ಅಂದಿನ ಪಾಠ. ತೆಳು ಗಂಜಿಗೆ ಅಯೋಡಿನ್ ಹನಿಸಿದರೆ ನೀಲಿಯಾಗುತ್ತದೆ. ಅದಕ್ಕೆ ಉಗುಳು ಬೆರೆಸಿದರೆ ಗಂಜಿಯ ಪಿಷ್ಟ ಒಡೆದು ನೀಲಿ ಮಾಯವಾಗುತ್ತದೆ. ಬಿಸಿಯೂಟದ ಸ್ಟೀಲ್ ಲೋಟದಲ್ಲಿ ಬಣ್ಣ ಕಾಣದೆಂದು ಅನೀಸಾ ಮನೆಯಿಂದ ಗಾಜಿನ ಲೋಟಗಳನ್ನೇ ತಂದಿದ್ದಳು.

“ಒಡೀಬೇಡ್ರೋ ಮತ್ತೆ! ಸಾಯಂಕಾಲ ರೋಜಾ ಬಿಡುವಾಗ ನಾವು ಶರಬತ್ತು ಕುಡಿಯೋ ಲೋಟ ಇವು” ಎಂದಳು ಹೆಮ್ಮೆಯಿಂದ. ಹೇಳಬಾರದಿತ್ತು.

ಸಾಹೇಬರ ಎದುರು ಉಗುಳಲು ನಾಚಿಕೆಯೆಂದು ಮಕ್ಕಳು ಗುಂಪು ಗುಂಪಾಗಿ ನೀಲಿ ಗಂಜಿಯ ಲೋಟ ಹಿಡಿದು ಜಗಲಿಗೆ ಹೋಗಿ ಬಂದರು. ಲೋಟಗಳು ಮೇಜಿನ ಮೇಲೆ ಸಾಲಾಗಿ ಕೂತವು. ಎಲ್ಲರೂ ಕಾದರು. ನೀಲಿ ಅಲ್ಲಾಡಲಿಲ್ಲ.

ಗಂಜಿ ಗಟ್ಟಿಯಾಯಿತೇ? ಅಯೋಡಿನ್ ಜಾಸ್ತಿಯಾಯಿತೇ? ಅನೀಸಾ ಕಿಟಕಿಗೂ ಮೇಜಿಗೂ ಸುತ್ತಿದಳು. ಸಾಹೇಬರು ಗಡಿಯಾರ ನೋಡಿಕೊಂಡರು. ಚಿಕ್ಕಮಾರಯ್ಯನವರ ಕೈಯಲ್ಲಿ ಗೈಡ್ ಆಗಲೇ ಸಿದ್ಧವಾಗಿತ್ತು. ಆಗ ಮುಂದಿನ ಸಾಲಿನ ಮೋನಿಷಾ ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದ್ದು ಕಣ್ಣಿಗೆ ಬಿತ್ತು.

“ಲೋಟಕ್ಕೆ ಏನೇ ಹಾಕಿದ್ರಿ?”

“ನೀರು ಮಿಸ್.” ಹುಡುಗಿ ತಲೆ ತಗ್ಗಿಸಿದಳು. “ನೀವು ಉಪವಾಸ ಬಿಡೋ ಲೋಟಕ್ಕೆ ಎಂಜಲು ಹೆಂಗ್ ಉಗಿಯೋದು ಮಿಸ್? ಪಾಪ ಬರಲ್ವಾ?”

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಅನೀಸಾಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಮಕ್ಕಳ ಮೇಲೆ ಮಮತೆಯೂ ಉಕ್ಕಿತು. ಬೈಯಲು ಹೋದರೆ ತಾನೇ ಅತ್ತುಬಿಡುತ್ತಾಳೆ. ಮಿಕ್ಕಿದ್ದ ಒಂದು ಲೋಟಕ್ಕೆ ಗಂಜಿ ಸುರಿದು, ಅಯೋಡಿನ್ ಹನಿಸಿ, ಗೋಡೆಯ ಕಡೆ ತಿರುಗಿದಳು. ಬೆಳಗಿನಿಂದ ನೀರು ಕಾಣದ ನಾಲಿಗೆ ಅಂಗುಳಿಗೆ ಅಂಟಿತ್ತು. ಕಣ್ಣು ಮುಚ್ಚಿ ಹುಣಸೆಕಾಯಿಯನ್ನು ನೆನೆಸಿಕೊಂಡಳು, ಉಪ್ಪು ಖಾರ ಹಚ್ಚಿದ ಹುಣಸೆಕಾಯಿ. ಬಾಯಲ್ಲಿ ನೀರೂರಿತು. ಉಗುಳಿದಳು, ಕಲಕಿದಳು, ತಂದು ಮೇಜಿನ ಮೇಲಿಟ್ಟಳು.

ಕಾಯುವುದು ಅವಳಿಗೆ ಯಾವಾಗಲೂ ಶಿಕ್ಷೆ. ನೀಲಿ ನೇರಳೆಯಾಯಿತು, ನೇರಳೆ ಕಂದಾಯಿತು, ಕೊನೆಗೆ ಬರೀ ಗಂಜಿ ಉಳಿಯಿತು. ಮಕ್ಕಳು ಹೋ ಎಂದು ಎದ್ದು ನಿಂತರು.

ಸಾಹೇಬರು ನೀಲಿ ಲೋಟವೊಂದನ್ನು ಅದರ ಪಕ್ಕಕ್ಕೆ ಸರಿಸಿದರು. “ಇವರು ನೀರು ಹಾಕಿದ್ದೇ ಒಳ್ಳೇದಾಯ್ತು ಮೇಡಂ. ಇಲ್ದಿದ್ರೆ ವ್ಯತ್ಯಾಸ ಗೊತ್ತಾಗೋದು ಹೇಗೆ?”

ಚಿಕ್ಕಮಾರಯ್ಯನವರು ಗೈಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವರ ಹಿಂದೆಯೇ ಹೊರಟರು. ಬಾಗಿಲಲ್ಲಿ ತಿರುಗಿ, “ಮುಂದಿನ ವಾರ ಏನ್ ಮಾಡಿಸ್ತೀರಾ?” ಎಂದರು.

ಅನೀಸಾ ಕುರ್ಚಿಯ ಮೇಲಿನ ಬ್ಯಾಗ್ ಎತ್ತಿ ಕೂತುಬಿಟ್ಟಳು. ಮಕ್ಕಳೆಲ್ಲ ಹೊರಗೆ ಓಡಿದರೂ ಮೋನಿಷಾ ಓಡಲಿಲ್ಲ. ಉಳಿದ ಲೋಟಗಳನ್ನು ಬಿಟ್ಟು, ಮಿಸ್ ಉಗುಳಿದ ಲೋಟವನ್ನೇ ಮೊದಲು ಎತ್ತಿಕೊಂಡು ನಲ್ಲಿಯ ಕಡೆ ಹೊರಟಳು.

“ಇಡೇ ಅದನ್ನ, ಎಂಜಲು!”

“ಇರ್ಲಿ ಬಿಡಿ ಮಿಸ್,” ಎಂದಳು ಮೋನಿಷಾ, “ನಿಮ್ದು ತಾನೆ?”